ಋತುವಿನ ಮೊದಲ ಹಿಮವೇ ಏಕೆ ಹೆಚ್ಚು ಜಾರುತ್ತದೆ?

ಪ್ರಶ್ನೆ: ಹಿಮ ಬೀಳುವ ಪ್ರದೇಶದಲ್ಲಿ ನಾನು ಆರು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಕಳೆದ ವಾರ ಈ ಋತುವಿನ ಮೊದಲ ಹಿಮ ಬಿತ್ತು. ಮಳೆಯ ಜೊತೆಗೆ ಅಲ್ಪಸ್ವಲ್ಪ ಹಿಮ ಎಂದಷ್ಟೇ ಮುನ್ಸೂಚನೆ ಇತ್ತು. ಸಂಜೆ ನಾಲ್ಕೂವರೆಗೆ ಕಚೇರಿಯಿಂದ ಹೊರಟಾಗ ರಸ್ತೆ ಆಗಲೇ ಬೆಳ್ಳಗಾಗಿತ್ತು. ಮುಕ್ಕಾಲು ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ನನ್ನದು ಫೋರ್ ವೀಲ್ ಡ್ರೈವ್ ಕಾರು, ಎಲ್ಲ ಋತುಗಳ ಟೈರು. ಆದರೂ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಗಡಗಡನೆ ನಡುಗಿತು. ಗಾಬರಿಯಿಂದ ಕಾಲು ತೆಗೆದೆ. ಕಾರು ಜಾರಿ ರಸ್ತೆಯಂಚಿನ ಕಟ್ಟೆಗೆ ತಾಗಿ ನಿಂತಿತು. ಆಮೇಲೆ ಎರಡು ಗಂಟೆ ಎಂಜಿನ್ ಚಾಲೂ ಇಟ್ಟುಕೊಂಡು ವಾಹನಗಳ ಸಾಲಿನಲ್ಲಿ ನಿಂತಿದ್ದೆ. ನಡುಚಳಿಗಾಲದಲ್ಲಿ ಇದಕ್ಕಿಂತ ಹೆಚ್ಚು ಹಿಮ ಬಿದ್ದಾಗಲೂ ನನಗೆ ಹೀಗಾಗಿರಲಿಲ್ಲ. ನನ್ನ ತಪ್ಪು ಎಲ್ಲಿ? ಹೊರಡಲೇಬಾರದಿತ್ತೆ?

ಉತ್ತರ: ನಡುಚಳಿಗಾಲದ ಹೋಲಿಕೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳ ಎಳೆ ಅಲ್ಲೇ ಇದೆ. ಎಷ್ಟು ಸೆಂಟಿಮೀಟರ್ ಬಿತ್ತು ಎಂಬುದರಿಂದ ಹಿಮದ ಅಪಾಯವನ್ನು ಅಂದಾಜು ಮಾಡುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಚಕ್ರದ ಕೆಳಗಿನ ಹಿಡಿತವನ್ನು ತೀರ್ಮಾನಿಸುವುದು ಮುಖ್ಯವಾಗಿ ಉಷ್ಣಾಂಶ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿರುವ ದಿನ ಬೀಳುವ ಹಿಮ ಪುಡಿಯಂತೆ ಒಣಗಿರುತ್ತದೆ; ಅದರ ಮೇಲೆ ನಡೆದರೆ ಕಾಲಡಿ ಕಿರ್ರ್ ಎನ್ನುತ್ತದೆ, ಟೈರಿಗೂ ಅದು ತಕ್ಕಮಟ್ಟಿಗೆ ಹಿಡಿತ ಕೊಡುತ್ತದೆ. ಮೊದಲ ಹಿಮ ಬೀಳುವುದು ಬಹುಮಟ್ಟಿಗೆ ಸೊನ್ನೆಯ ಆಸುಪಾಸಿನಲ್ಲಿ. ಆ ಉಷ್ಣಾಂಶದಲ್ಲಿ ಮಂಜುಗಡ್ಡೆಯ ಮೈಮೇಲೆ ನೀರಿನ ತೆಳುಪೊರೆ ಇರುತ್ತದೆ. ಮಂಜುಗಡ್ಡೆ ತನ್ನ ಬದುಕಿನಲ್ಲೇ ಅತಿ ಹೆಚ್ಚು ಜಾರುವುದು ಕರಗುವುದಕ್ಕೆ ಸ್ವಲ್ಪ ಮುಂಚೆ.

ಇದರ ಮೇಲೆ ನೆಲದ ಬಿಸಿಯೂ ಸೇರುತ್ತದೆ. ಬೇಸಿಗೆಯ ಶಾಖವನ್ನು ಇನ್ನೂ ಉಳಿಸಿಕೊಂಡಿರುವ ರಸ್ತೆಯ ಮೇಲೆ ಬಿದ್ದ ಮೊದಲ ಪದರ ಕರಗಿ ನೀರಾಗುತ್ತದೆ. ಹಿಮ ಜೋರಾದಾಗ ಆ ನೀರು ರಾಡಿಯಾಗುತ್ತದೆ, ಸಾವಿರಾರು ಚಕ್ರಗಳು ಆ ರಾಡಿಯನ್ನು ಒತ್ತಿ ಗಟ್ಟಿ ಮಾಡುತ್ತವೆ, ಹೊತ್ತು ಮುಳುಗಿ ಉಷ್ಣಾಂಶ ಒಂದೆರಡು ಡಿಗ್ರಿ ಇಳಿಯುತ್ತಿದ್ದಂತೆ ಅದು ರಸ್ತೆಗೆ ಅಂಟಿಕೊಂಡ ಗಾಜಿನಂತಾಗುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು ಎಲ್ಲವನ್ನೂ ಮುಚ್ಚುವುದರಿಂದ ನಿಮ್ಮ ಕಣ್ಣಿಗೆ ಕಾಣುವುದು ಮೆತ್ತನೆಯ ಬಿಳುಪು ಮಾತ್ರ. ಸಿಗ್ನಲ್‌ಗಳ ಬಳಿ ಇದು ಇನ್ನೂ ಕೆಟ್ಟದಾಗಿರುತ್ತದೆ, ಏಕೆಂದರೆ ಅಲ್ಲಿ ಪ್ರತಿಯೊಂದು ಕಾರೂ ಹೊರಡುವಾಗ ಚಕ್ರ ತಿರುಗಿಸಿ ತಿರುಗಿಸಿ ಆ ಜಾಗವನ್ನು ಉಜ್ಜಿ ನಯ ಮಾಡಿರುತ್ತದೆ. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಅವುಗಳಿಗೆ ಕೆಳಗಿನಿಂದ ನೆಲದ ಬಿಸಿ ಸಿಗುವುದಿಲ್ಲ, ಮೇಲೂ ಕೆಳಗೂ ತಣ್ಣನೆಯ ಗಾಳಿಯೇ.

ಮುನ್ಸೂಚನೆ ಹುಸಿಯಾದದ್ದಕ್ಕೂ ಇದೇ ಸೊನ್ನೆ ಡಿಗ್ರಿ ಕಾರಣ. ಮೋಡದಿಂದ ಇಳಿಯುವ ನೀರಿನ ಮೊತ್ತವನ್ನು ಹವಾಮಾನ ತಜ್ಞರು ಸಾಕಷ್ಟು ಸರಿಯಾಗಿ ಹೇಳಬಲ್ಲರು. ಅದು ಮಳೆಯಾಗಿ ಇಳಿಯುತ್ತದೋ ಹಿಮವಾಗಿ ಇಳಿಯುತ್ತದೋ ಎಂಬುದು ಮಾತ್ರ ಒಂದು ಡಿಗ್ರಿಯ ಅಂತರದಲ್ಲಿ ನಿಂತಿರುತ್ತದೆ. ಸ್ಥೂಲವಾಗಿ ಒಂದು ಮಿಲಿಮೀಟರ್ ಮಳೆ ಒಂದು ಸೆಂಟಿಮೀಟರ್ ಹಿಮಕ್ಕೆ ಸಮ. ಅಂದರೆ 20 ಮಿಲಿಮೀಟರ್ ನೀರು ಒಂದು ಲೆಕ್ಕದಲ್ಲಿ ಒದ್ದೆ ರಸ್ತೆ, ಇನ್ನೊಂದು ಲೆಕ್ಕದಲ್ಲಿ ಗೇಣುದ್ದದ ಹಿಮ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಹಿಮ ಕರಗಲು ಗ್ರಾಮಿಗೆ ಸುಮಾರು 80 ಕ್ಯಾಲೊರಿ ಶಾಖ ಬೇಕು, ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಜೋರಾಗಿ ಸುರಿಯುವಾಗ ಅಷ್ಟೂ ಹಿಮ ಕರಗುತ್ತ ಕರಗುತ್ತ ಗಾಳಿಯನ್ನು ಸೊನ್ನೆಯವರೆಗೆ ತಂಪು ಮಾಡಿಬಿಡುತ್ತದೆ. ಆಮೇಲೆ ಕರಗಿಸಲು ಗಾಳಿಯಲ್ಲಿ ಶಾಖವೇ ಉಳಿದಿರುವುದಿಲ್ಲ, ಮಳೆ ಏಕಾಏಕಿ ಹಿಮವಾಗುತ್ತದೆ. ಆದ್ದರಿಂದ ಎರಡು ಮೂರು ಡಿಗ್ರಿ ಉಷ್ಣಾಂಶ, ಜೋರು ಮಳೆ, ಅದರ ನಡುವೆ ಒಂದೊಂದು ದಪ್ಪ ಹಿಮದ ಹಳಕು ಕಂಡರೆ, ಅರ್ಧ ಗಂಟೆಯಲ್ಲಿ ಚಿತ್ರ ಬದಲಾಗಬಹುದು ಎಂದು ತಿಳಿಯಬೇಕು.

ಇಂಥ ಸಂಜೆಗಳು ದೊಡ್ಡ ನಗರಗಳನ್ನೂ ಬಿಟ್ಟಿಲ್ಲ. 2018ರ ನವೆಂಬರ್ 15ರಂದು ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಅಳತೆಗೆ ಸಿಕ್ಕ ಹಿಮ ಸುಮಾರು 16 ಸೆಂಟಿಮೀಟರ್. ಫೆಬ್ರವರಿಯಲ್ಲಾದರೆ ಅಲ್ಲಿಯವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆ ಸಂಜೆ ಮಾತ್ರ ಮನೆಗೆ ಹೊರಟವರು ರಸ್ತೆಯಲ್ಲೇ ಗಂಟೆಗಟ್ಟಲೆ ಸಿಕ್ಕಿಬಿದ್ದರು, ಶಾಲಾ ಬಸ್ಸುಗಳಲ್ಲಿ ಮಕ್ಕಳು ರಾತ್ರಿಯವರೆಗೂ ಕುಳಿತಿದ್ದರು. ಇನ್ನೊಂದು ಅದೇ ರಾಜ್ಯದ ಬಫಲೋ ನಗರದ್ದು: 2006ರ ಅಕ್ಟೋಬರ್ 12 ಮತ್ತು 13ರಂದು, ಇನ್ನೂ ಬೆಚ್ಚಗಿದ್ದ ಈರಿ ಸರೋವರದ ಮೇಲೆ ತಣ್ಣನೆಯ ಗಾಳಿ ಹಾದು ಬಂದು, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸುಮಾರು 57 ಸೆಂಟಿಮೀಟರ್ ಹಿಮ ಸುರಿಯಿತು. ಮರಗಳಲ್ಲಿ ಎಲೆ ಇನ್ನೂ ಉದುರಿರಲಿಲ್ಲ. ಬರಿಯ ಕೊಂಬೆಯಿಂದ ಜಾರಿ ಬೀಳುವ ಹಿಮ ಎಲೆಯಿದ್ದಾಗ ಕೊಡೆಯ ಮೇಲೆ ಕೂತಂತೆ ಕೂರುತ್ತದೆ, ಒದ್ದೆ ಹಿಮದ ತೂಕವೂ ಹೆಚ್ಚು. ಸಾವಿರಾರು ಮರಗಳ ಕೊಂಬೆಗಳು ಮುರಿದು ವಿದ್ಯುತ್ ತಂತಿಗಳನ್ನು ಎಳೆದುಕೊಂಡು ಬಿದ್ದವು. ಕಾರಿನಲ್ಲಿರುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಎಲೆ ಉದುರುವ ಮುನ್ನ ಬರುವ ಹಿಮದಲ್ಲಿ ಸಾಲುಮರಗಳ ಒಳರಸ್ತೆಗಿಂತ ಬಯಲಿನ ಹೆದ್ದಾರಿ ಮೇಲು, ಮತ್ತು ರಸ್ತೆಗೆ ಬಿದ್ದ ಯಾವ ತಂತಿಯನ್ನೂ ಸತ್ತ ತಂತಿ ಎಂದು ಭಾವಿಸಿ ದಾಟಬಾರದು.

ಈಗ ನಿಮ್ಮ ಕಾರಿಗೆ ಬರೋಣ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರು ಹೊರಡುವುದಕ್ಕೆ, ಏರು ಹತ್ತುವುದಕ್ಕೆ ನಿಜವಾಗಿಯೂ ಸಹಾಯಕ. ಆದರೆ ಬ್ರೇಕ್ ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ; ನಿಲ್ಲಿಸುವ ವಿಷಯದಲ್ಲಿ ನಿಮ್ಮ ಕಾರಿಗೆ ಪಕ್ಕದ ಸಣ್ಣ ಕಾರಿಗಿಂತ ಯಾವ ಅನುಕೂಲವೂ ಇಲ್ಲ, ತೂಕ ಮಾತ್ರ ಹೆಚ್ಚು. ಈ ಬಗೆಯ ಕಾರಿನ ದೊಡ್ಡ ದೋಷವೆಂದರೆ ಅದು ಜಾರದೆ ಹೊರಟುಬಿಡುತ್ತದೆ. ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿಯಿರುವ ಕಾರು ಹೊರಡುವಾಗಲೇ ಚಕ್ರ ತಿರುಗಿಸಿ ರಸ್ತೆ ಹೇಗಿದೆ ಎಂದು ಚಾಲಕನಿಗೆ ಚಾಡಿ ಹೇಳುತ್ತದೆ. ನಿಮ್ಮ ಕಾರು ಆ ಸುದ್ದಿಯನ್ನು ಮೊದಲ ಇಳಿಜಾರಿನವರೆಗೆ ಮುಚ್ಚಿಟ್ಟಿತ್ತು.

ಟೈರಿನ ವಿಷಯ ಇದಕ್ಕಿಂತ ಮುಖ್ಯ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗತೊಡಗುತ್ತದೆ, ಗಡುಸಾದ ರಬ್ಬರಿಗೆ ಹಿಮದ ಸಂದುಗಳನ್ನು ಕಚ್ಚಿ ಹಿಡಿಯಲು ಬರುವುದಿಲ್ಲ. ಎಲ್ಲ ಋತುಗಳ ಟೈರು ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಒಂದೇ ಅಲ್ಲ. ಟೈರಿನ ಪಕ್ಕೆಯ ಮೇಲೆ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಚಿಹ್ನೆ ಇದ್ದರೆ ಅದು ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂಬ ಅಕ್ಷರಗಳಷ್ಟೇ ಇದ್ದರೆ ಅದು ತಯಾರಕರ ಸ್ವಂತ ಮಾತು. ಟ್ರೆಡ್ಡಿನ, ಎಂದರೆ ಟೈರಿನ ಮೇಲ್ಮೈಯ ಗೀರುಗಳ, ಆಳವನ್ನೂ ನೋಡಿ. ಹಲವು ದೇಶಗಳ ಕಾನೂನು 1.6 ಮಿಲಿಮೀಟರ್ ಇದ್ದರೆ ಸಾಕೆನ್ನುತ್ತದೆ, ಹಿಮಕ್ಕೆ 4 ಮಿಲಿಮೀಟರಿಗಿಂತ ಕಡಿಮೆಯಾದರೆ ಟೈರು ಬದಲಿಸುವುದು ಒಳ್ಳೆಯದು. ಗಾಳಿಯ ಒತ್ತಡವೂ ಉಷ್ಣಾಂಶ ಹತ್ತು ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಮೊದಲ ಚಳಿಯ ಬೆಳಿಗ್ಗೆ ಕಾರಿನ ಫಲಕದಲ್ಲಿ ಹಳದಿ ದೀಪ ಹತ್ತುವುದು ಇದಕ್ಕೇ.

ಟೈರು ಬದಲಿಸಲು ತಾರೀಖು ಗೊತ್ತುಮಾಡಿಕೊಳ್ಳುವುದು ಅನೇಕರ ಅಭ್ಯಾಸ, ಕೆಲವೆಡೆ ಕಾನೂನೂ ಹಾಗೆಯೇ ಇದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಜರ್ಮನಿಯ ನಿಯಮದಲ್ಲಿ ತಾರೀಖಿಲ್ಲ. ರಸ್ತೆಯಲ್ಲಿ ಹಿಮ, ರಾಡಿ, ಮಂಜುಗಡ್ಡೆ ಇದ್ದ ದಿನ ಚಳಿಗಾಲದ ಟೈರು ಇರಲೇಬೇಕು, ಅದು ಅಕ್ಟೋಬರ್ ಆಗಿರಲಿ ಏಪ್ರಿಲ್ ಆಗಿರಲಿ. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಹಿಮ ಪಂಚಾಂಗ ನೋಡಿ ಬೀಳುವುದಿಲ್ಲ. ನನ್ನ ಬಳಿ ಚಳಿಗಾಲದ ಚಾಲನೆ ಕಲಿಯಲು ಬರುವವರಿಗೆ, ಬೆಳಗಿನ ಉಷ್ಣಾಂಶ ಒಂದು ವಾರ ಸತತವಾಗಿ 7 ಡಿಗ್ರಿಗಿಂತ ಕೆಳಗಿದ್ದರೆ ಟೈರು ಬದಲಿಸಿ ಎನ್ನುತ್ತೇನೆ. ಮೊದಲ ಹಿಮ ಬಿದ್ದ ಮರುದಿನ ಟೈರಿನವರ ಅಂಗಳದಲ್ಲಿ ನಿಲ್ಲುವ ಸಾಲನ್ನು ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಇನ್ನು ಇಳಿಜಾರು. ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಒಣ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಲ್ಲಬಲ್ಲದು. ತುಳಿದು ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ ಸುಮಾರು 50 ಮೀಟರ್ ಬೇಕು, ಒದ್ದೆ ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್. ವೇಗವನ್ನು ಅರ್ಧಕ್ಕೆ ಇಳಿಸಿದರೆ ಈ ದೂರ ಕಾಲು ಭಾಗಕ್ಕೆ ಇಳಿಯುತ್ತದೆ: 25 ಕಿಲೋಮೀಟರ್ ವೇಗದಲ್ಲಿ ಗಟ್ಟಿ ಹಿಮದ ಮೇಲೆ ಹನ್ನೆರಡು ಮೀಟರ್ ಸಾಕು. ಇದೆಲ್ಲ ಸಮತಟ್ಟಿನ ಲೆಕ್ಕ. ಮಂಜುಗಡ್ಡೆಯ ಮೇಲೆ ಟೈರಿಗೆ ಸಿಗುವ ಹಿಡಿತ ಕಾರಿನ ತೂಕದ ಹತ್ತನೆಯ ಒಂದು ಭಾಗ ಮಾತ್ರ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ ಭೂಮಿಯ ಸೆಳೆತ ಅದರಲ್ಲಿ ಅರ್ಧವನ್ನು ತಿಂದುಹಾಕುತ್ತದೆ, ನಿಲ್ಲುವ ದೂರ ಇಮ್ಮಡಿಯಾಗುತ್ತದೆ. ನೂರಕ್ಕೆ ಹತ್ತು ಮೀಟರ್ ಇಳಿಯುವ ರಸ್ತೆಯಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿ ಎಂಥ ಬ್ರೇಕು, ಎಂಥ ಚಾಲಕನಾದರೂ ಕಾರು ನಿಲ್ಲುವುದಿಲ್ಲ; ಕಟ್ಟೆಯೋ ಮುಂದಿನ ವಾಹನವೋ ಅದನ್ನು ನಿಲ್ಲಿಸಬೇಕು. ಆದುದರಿಂದ ಇಳಿಜಾರಿನ ವೇಗವನ್ನು ಇಳಿಜಾರಿನಲ್ಲಿ ತೀರ್ಮಾನಿಸಲು ಬರುವುದಿಲ್ಲ. ನೆತ್ತಿಯ ಮೇಲೆಯೇ ಬಹುತೇಕ ನಿಂತು, ಒಂದನೆಯ ಅಥವಾ ಎರಡನೆಯ ಗೇರಿಗೆ ಹಾಕಿ, ಮುಂದಿನ ಕಾರು ಕೆಳಗೆ ಮುಟ್ಟುವವರೆಗೆ ಕಾದು, ಎಂಜಿನ್ನಿನ ಎಳೆತದಲ್ಲಿಯೇ ನಡೆಯುವ ವೇಗದಲ್ಲಿ ಇಳಿಯಬೇಕು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಪೆಡಲ್ ನಡುಗಿದಾಗ ನೀವು ಕಾಲು ತೆಗೆದದ್ದು ತಪ್ಪು, ಆದರೆ ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಚಕ್ರ ಉರುಳುವುದನ್ನು ಬಿಟ್ಟು ಜಾರತೊಡಗಿದ ತಕ್ಷಣ ಎಬಿಎಸ್, ಎಂದರೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಆ ಚಕ್ರದ ಬ್ರೇಕನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿನಲ್ಲಿ ಹಲವು ಬಾರಿ. ಆ ಪಂಪಿನ ಬಡಿತ ಎಣ್ಣೆಯ ನಳಿಕೆಯ ಮೂಲಕ ನಿಮ್ಮ ಪಾದಕ್ಕೆ ಬರುತ್ತದೆ. ಹಲಗೆಯ ಕೆಳಗೆ ಯಾರೋ ಸುತ್ತಿಗೆಯಿಂದ ಬಡಿದಂತಾಗುತ್ತದೆ, ಗರಗರ ಸದ್ದೂ ಕೇಳುತ್ತದೆ. ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಆಗ ಕಾಲನ್ನು ಹಾಗೆಯೇ ಒತ್ತಿ ಹಿಡಿದು, ಹೋಗಬೇಕಾದ ದಿಕ್ಕನ್ನು ನೋಡುತ್ತ ಸ್ಟೀರಿಂಗ್ ತಿರುಗಿಸಬೇಕು. ಚಕ್ರ ಪೂರ್ತಿ ಲಾಕ್ ಆಗದಿರುವುದರಿಂದ ಕಾರು ತಿರುಗಬಲ್ಲದು, ಎಬಿಎಸ್ಸಿನ ನಿಜವಾದ ಉಪಕಾರ ಅದು. ಬೇಗ ನಿಲ್ಲಿಸುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಸಡಿಲ ಹಿಮದಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಹಿಮದ ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ, ಎಬಿಎಸ್ ಆ ಗುಡ್ಡೆ ಕಟ್ಟಲು ಬಿಡದಿರುವುದರಿಂದ ದೂರ ಸ್ವಲ್ಪ ಹೆಚ್ಚಾಗುವುದೂ ಉಂಟು. ಈ ಬಡಿತ ಪಾದಕ್ಕೆ ಪರಿಚಯವಾಗಲಿ ಎಂದೇ ನಾನು ಋತುವಿನ ಮೊದಲ ತರಗತಿಯಲ್ಲಿ ಖಾಲಿ ಮೈದಾನಕ್ಕೆ ಕರೆದೊಯ್ದು 20 ಕಿಲೋಮೀಟರ್ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿಸುತ್ತೇನೆ. ಮೊದಲ ಸಲ ಹತ್ತರಲ್ಲಿ ಎಂಟು ಜನ ಕಾಲು ತೆಗೆಯುತ್ತಾರೆ, ಮೂರನೆಯ ಸಲಕ್ಕೆ ಯಾರೂ ತೆಗೆಯುವುದಿಲ್ಲ. ನೀವೂ ಮಾಡಿ ನೋಡಿ.

ಜಾರುವುದರಲ್ಲಿ ಎರಡು ಬಗೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತಿದ್ದರೆ ಮುಂದಿನ ಚಕ್ರಗಳು ಹಿಡಿತ ಕಳೆದುಕೊಂಡಿವೆ. ಆಗ ಇನ್ನಷ್ಟು ತಿರುಗಿಸಬೇಕೆಂಬ ಆಸೆ ಸಹಜ, ಅದರಿಂದ ಏನೂ ಆಗುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಟ್ಟರೆ ಚಕ್ರ ಮತ್ತೆ ಉರುಳತೊಡಗಿ ಹಿಡಿತ ಮರಳುತ್ತದೆ. ಕಾರಿನ ಬಾಲ ಬಲಕ್ಕೆ ಸರಿಯುತ್ತಿದ್ದರೆ ಹಿಂದಿನ ಚಕ್ರಗಳು ಜಾರಿವೆ. ಆಗ ಸ್ಟೀರಿಂಗನ್ನೂ ಬಲಕ್ಕೆ, ಎಂದರೆ ಬಾಲ ಹೋಗುತ್ತಿರುವ ಕಡೆಗೇ ಮೆದುವಾಗಿ ತಿರುಗಿಸಬೇಕು. ಎರಡರಲ್ಲಿಯೂ ಕಣ್ಣು ಹೋಗಬೇಕಾದ ಕಡೆಗಿರಲಿ. ಕಂಬವನ್ನು ದಿಟ್ಟಿಸಿದವರ ಕೈ ಕಂಬದ ಕಡೆಗೇ ಹೋಗುತ್ತದೆ. ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿ ಇಡುವ ಕ್ರೂಸ್ ಕಂಟ್ರೋಲ್ ಬಳಕೆ ಬೇಡವೇ ಬೇಡ. ವಿದ್ಯುತ್ ಕಾರಿನವರು ಬ್ಯಾಟರಿಗೆ ಶಕ್ತಿ ಮರಳಿಸುವ ಬ್ರೇಕನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಕೊಳ್ಳಬೇಕು, ಏಕೆಂದರೆ ಪೆಡಲಿನಿಂದ ಕಾಲು ಎತ್ತಿದ ಮಾತ್ರಕ್ಕೆ ಚಕ್ರ ಜಾರಲು ಅಷ್ಟೇ ಸಾಕಾಗಬಹುದು.

ಏರು ಹತ್ತುವಾಗಿನ ನಿಯಮ ಇದಕ್ಕೆ ತದ್ವಿರುದ್ಧ: ನಿಲ್ಲಬಾರದು. ಮುಂದಿನ ವಾಹನ ನೆತ್ತಿ ಮುಟ್ಟುವವರೆಗೆ ಕೆಳಗಿನ ಸಮತಟ್ಟಿನಲ್ಲಿಯೇ ಕಾದು, ಆಮೇಲೆ ಒಂದೇ ಹದದ ವೇಗದಲ್ಲಿ ಹತ್ತಿ. ಅರ್ಧದಲ್ಲಿ ನಿಂತ ಕಾರು ತಾನೂ ಹತ್ತುವುದಿಲ್ಲ, ಬೇರೆಯವರನ್ನೂ ಹತ್ತಲು ಬಿಡುವುದಿಲ್ಲ. ಅಂಥ ಸಂಜೆಗಳಲ್ಲಿ ಇಡೀ ರಸ್ತೆ ಕಟ್ಟಿಹೋಗುವುದು ಹೆಚ್ಚಾಗಿ ಹೀಗೆ ಅಡ್ಡ ನಿಂತ ಒಂದೆರಡು ವಾಹನಗಳಿಂದಲೇ.

ಕಾಣುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ದಟ್ಟ ಹಿಮದಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹಳಕುಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ, ಕಣ್ಣ ಮುಂದೆ ಬಿಳಿಯ ಪರದೆ ಎಳೆದಂತಾಗುತ್ತದೆ; ಲೋ ಬೀಮ್ ಸಾಕು. ಹಗಲು ತಾನಾಗಿ ಹತ್ತುವ ದೀಪವನ್ನು ನಂಬಿ ಕೂರಬೇಡಿ, ಬಹಳಷ್ಟು ಕಾರುಗಳಲ್ಲಿ ಅದು ಮುಂದೆ ಮಾತ್ರ ಉರಿಯುತ್ತದೆ, ಹಿಂದಿನ ಕೆಂಪು ದೀಪ ಹತ್ತಿರುವುದೇ ಇಲ್ಲ. ಹಳೆಯ ಬಲ್ಬುಗಳು ತಮ್ಮ ಬಿಸಿಯಿಂದಲೇ ಮೇಲಿನ ಹಿಮವನ್ನು ಕರಗಿಸಿಕೊಳ್ಳುತ್ತಿದ್ದವು. ಎಲ್‌ಇಡಿ ದೀಪದ ಗಾಜು ತಣ್ಣಗಿರುವುದರಿಂದ ಅದರ ಮೇಲೆ ಹಿಮ ಕೂತುಬಿಡುತ್ತದೆ, ರಸ್ತೆಯ ಸಿಗ್ನಲ್ ದೀಪಗಳಿಗೂ ಇದೇ ಪಾಡು. ಸಾಲಿನಲ್ಲಿ ನಿಂತಾಗ ಇಳಿಯುವುದು ಅಪಾಯವಲ್ಲವಾದರೆ ಒಮ್ಮೆ ಇಳಿದು ಒರೆಸಿ. ಬೇಸಿಗೆಯಲ್ಲಿ ತುಂಬಿಸಿದ ವಾಷರ್ ನೀರು ಗಾಜಿನ ಮೇಲೆ ಚಿಮ್ಮಿದ ಕ್ಷಣವೇ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟದ ದ್ರವವನ್ನು ಟೈರು ಬದಲಿಸುವ ದಿನವೇ ತುಂಬಿಸಿಕೊಳ್ಳಿ.

ಇನ್ನೊಂದು, ಅವಸರದವರೆಲ್ಲ ಮಾಡುವ ಕೆಲಸ: ಮುಂಗಾಜನ್ನು ಮಾತ್ರ ಕೆರೆದು ಚಾವಣಿಯ ಹಿಮವನ್ನು ಹಾಗೆಯೇ ಬಿಟ್ಟು ಹೊರಡುವುದು. ಕಾರಿನೊಳಗಿನ ಹೀಟರಿನಿಂದ ಹತ್ತು ನಿಮಿಷದಲ್ಲಿ ಆ ಹಿಮದ ತಳ ಕರಗಿ ಸಡಿಲವಾಗಿರುತ್ತದೆ. ಮೊದಲ ಸಿಗ್ನಲಿನಲ್ಲಿ ಬ್ರೇಕ್ ಹಿಡಿದಾಗ ಅಷ್ಟೂ ಹಿಮ ಒಂದೇ ಚಪ್ಪಡಿಯಾಗಿ ಮುಂದಕ್ಕೆ ಜಾರಿ ಗಾಜಿನ ಮೇಲೆ ಕೂರುತ್ತದೆ. ವೈಪರ್ ಆ ತೂಕವನ್ನು ಎತ್ತಲಾರದೆ ಒಮ್ಮೆ ನರಳಿ ನಿಲ್ಲುತ್ತದೆ. ಚಲಿಸುತ್ತಿರುವ ಕಾರಿನಲ್ಲಿ ನೀವು ಕುರುಡರಾಗಿರುತ್ತೀರಿ. ಹಿಂದಕ್ಕೆ ಹಾರಿದರೆ ಈ ಕಷ್ಟ ಹಿಂದಿನವರದು.

ಹೊರಡಲೇಬಾರದಿತ್ತೆ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ನೀವು ಮೂರು ಗಂಟೆಗೆ ಹೊರಡಬಹುದಿತ್ತು, ಎಂಟು ಗಂಟೆಗೂ ಹೊರಡಬಹುದಿತ್ತು; ನಾಲ್ಕೂವರೆಗೆ ಹೊರಡಬಾರದಿತ್ತು. ಹಿಮ ಜೋರಾದದ್ದನ್ನು ಕಿಟಕಿಯಿಂದ ಎಲ್ಲರೂ ಒಮ್ಮೆಲೇ ನೋಡುತ್ತಾರೆ, ಕಚೇರಿ ಶಾಲೆ ಅಂಗಡಿಗಳೆಲ್ಲ ಒಮ್ಮೆಲೇ ಬಿಡುತ್ತವೆ, ರಸ್ತೆ ಹತ್ತು ನಿಮಿಷದಲ್ಲಿ ತುಂಬಿಹೋಗುತ್ತದೆ. ಆಮೇಲೆ ರಸ್ತೆಯನ್ನು ಸರಿಪಡಿಸಬೇಕಾದ ಹಿಮ ತೆಗೆಯುವ ಟ್ರಕ್ಕುಗಳು, ಉಪ್ಪು ಚೆಲ್ಲುವ ವಾಹನಗಳು ಅದೇ ಸಾಲಿನ ಬಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಅಮೆರಿಕದ ಅಟ್ಲಾಂಟಾದಲ್ಲಿ 2014ರ ಜನವರಿ 28ರಂದು ಆದದ್ದು ಇದೇ. ಅದು ಋತುವಿನ ಆರಂಭವಲ್ಲ, ಆದರೆ ಹಿಮಕ್ಕೆ ಒಗ್ಗದ ಊರು. ಬಿದ್ದದ್ದು ಆರೇಳು ಸೆಂಟಿಮೀಟರ್ ಮಾತ್ರ. ಮಧ್ಯಾಹ್ನ ಎಲ್ಲರೂ ಏಕಕಾಲದಲ್ಲಿ ಮನೆಗೆ ಹೊರಟದ್ದರಿಂದ ಹೆದ್ದಾರಿಗಳು ಕಟ್ಟಿಹೋದವು. ಸಾವಿರಾರು ಜನ ಕಾರಿನಲ್ಲಿಯೇ ರಾತ್ರಿ ಕಳೆದರು, ಸಾವಿರಾರು ಮಕ್ಕಳು ಶಾಲೆಯಲ್ಲಿಯೇ ಮಲಗಿದರು.

ಆದ್ದರಿಂದ ಮೊದಲ ಹಳಕು ಕಂಡಾಗಲೇ ಹೊರಡಿ, ಇಲ್ಲವೇ ಕಚೇರಿಯಲ್ಲಿಯೇ ಕೂತು ಹಿಮ ತೆಗೆಯುವವರು ಎರಡು ಸುತ್ತು ಹೋಗಿಬರುವವರೆಗೆ ಕಾಯಿರಿ. ರಸ್ತೆಯ ಉಪ್ಪು ಸುಮಾರು ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿನವರೆಗೂ ಚೆನ್ನಾಗಿ ಕೆಲಸ ಮಾಡುತ್ತದೆ, ಮೊದಲ ಹಿಮದ ಉಷ್ಣಾಂಶದಲ್ಲಿ ಅದಕ್ಕೆ ಬೇಕಾದದ್ದು ಸ್ವಲ್ಪ ಸಮಯ ಮತ್ತು ಖಾಲಿ ರಸ್ತೆ. ನಡುವಿನ ಹೊತ್ತಿನಲ್ಲಿ ಹೊರಟವರಿಗೆ ಎರಡರ ಲಾಭವೂ ಇಲ್ಲ. ದಾರಿಯಲ್ಲಿ ಹಿಮ ತೆಗೆಯುವ ಟ್ರಕ್ಕು ಸಿಕ್ಕರೆ ಅದರ ಹಿಂದೆ ದೂರ ಬಿಟ್ಟು ತಾಳ್ಮೆಯಿಂದ ಹೋಗಿ. ಅದನ್ನು ಹಿಂದೆ ಹಾಕುವ ಗಳಿಗೆಯಲ್ಲಿ ಅದು ಎಬ್ಬಿಸುವ ಬಿಳಿ ಧೂಳಿನಲ್ಲಿ ಏನೂ ಕಾಣುವುದಿಲ್ಲ, ಹಿಂದೆ ಹಾಕಿದ ಮೇಲೆ ನಿಮಗೆ ಸಿಗುವುದು ಯಾರೂ ಹಿಮ ತೆಗೆಯದ ರಸ್ತೆ.

ಎರಡು ಗಂಟೆ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದೆ ಎಂದು ನೀವು ಬರೆದದ್ದನ್ನು ಓದಿ ನನಗೆ ಇಳಿಜಾರಿಗಿಂತ ಹೆಚ್ಚು ಆತಂಕವಾಯಿತು. ಸುರಿಯುವ ಹಿಮ, ಅಥವಾ ಟ್ರಕ್ಕು ಪಕ್ಕಕ್ಕೆ ತಳ್ಳಿದ ಹಿಮ, ಸೈಲೆನ್ಸರಿನ ಬಾಯಿಯನ್ನು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕಾರಿನ ಕೆಳಗೆ ಸೇರಿಕೊಂಡು ಒಳಗೆ ನುಸುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ದಣಿದವರು ಅದನ್ನು ನಿದ್ದೆಯೆಂದೇ ತಿಳಿಯುತ್ತಾರೆ. ಸಾಲು ಅಲುಗಾಡುವಂತಿಲ್ಲ ಎಂದು ಗೊತ್ತಾದ ಮೇಲೆ ಗಂಟೆಗೆ ಸುಮಾರು ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ, ಪ್ರತಿ ಸಲವೂ ಮೊದಲು ಇಳಿದು ಸೈಲೆನ್ಸರಿನ ಸುತ್ತ ಹಿಮ ತೆಗೆದು ಆಮೇಲೆ ಹಾಕಿ, ಗಾಳಿ ಬಂದು ಬಡಿಯದ ಮಗ್ಗುಲಿನ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಿ. ವಿದ್ಯುತ್ ಕಾರಿನಲ್ಲಿ ಈ ವಿಷಾನಿಲದ ಭಯವಿಲ್ಲ. ಅಲ್ಲಿ ಇಡೀ ಕಾರನ್ನು ಬಿಸಿ ಮಾಡುವ ಬದಲು ಸೀಟಿನ ಹೀಟರನ್ನು ಬಳಸಿದರೆ ಬ್ಯಾಟರಿ ಬಹಳ ಹೊತ್ತು ಬಾಳುತ್ತದೆ. ಕಾರು ಬಿಟ್ಟು ನಡೆದು ಹೋಗುವ ಯೋಚನೆ, ಹೋಗಬೇಕಾದ ಬಾಗಿಲು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ. ಬಿರುಹಿಮದಲ್ಲಿ ನೂರು ಹೆಜ್ಜೆಯಲ್ಲಿ ದಿಕ್ಕು ತಪ್ಪುತ್ತದೆ, ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಸಿಗುತ್ತದೆ.

ಡಿಕ್ಕಿಯಲ್ಲಿ ಏನಿರಬೇಕೆಂಬ ಉದ್ದ ಪಟ್ಟಿಗಳನ್ನು ನೀವು ಓದಿಯೇ ಇರುತ್ತೀರಿ. ನನ್ನ ಅನುಭವದಲ್ಲಿ ನಿಜವಾಗಿ ಬಳಕೆಗೆ ಬರುವುದು ಸಣ್ಣ ಸಲಿಕೆ, ಉದ್ದ ಹಿಡಿಯ ಬ್ರಷ್ಷು, ಒಂದು ಕಂಬಳಿ, ಟಾರ್ಚು, ಫೋನಿನ ಚಾರ್ಜರು, ಕುಡಿಯುವ ನೀರು, ಒಂದು ಚೀಲ ಒಣ ಮರಳು. ಕಾರು ಹೂತುಕೊಂಡರೆ ಆಕ್ಸಿಲರೇಟರ್ ತುಳಿದು ಚಕ್ರ ತಿರುಗಿಸಬೇಡಿ. ಆ ಬಿಸಿಗೆ ಕೆಳಗಿನ ಹಿಮ ಕರಗಿ ನುಣುಪಾದ ಗುಂಡಿಯಾಗುತ್ತದೆ. ಚಕ್ರಗಳನ್ನು ನೇರ ಮಾಡಿ, ಹಿಂದೆ ಮುಂದೆ ಸಲಿಕೆಯಿಂದ ಬಿಡಿಸಿ, ಮರಳು ಹಾಕಿ, ಮೆಲ್ಲಗೆ ಮುಂದೆ ಹಿಂದೆ ತೂಗಿ ಹೊರಗೆ ತನ್ನಿ. ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಶಕ್ತಿಯನ್ನು ಕಡಿತ ಮಾಡಿ ಕಾರನ್ನು ಅಲ್ಲೇ ನಿಲ್ಲಿಸುತ್ತಿದ್ದರೆ ಅಷ್ಟು ಹೊತ್ತು ಅದನ್ನು ಆರಿಸಬಹುದು, ಹೊರಬಂದ ಮೇಲೆ ಮರೆಯದೆ ಹಾಕಿ.

ಕೊನೆಗೆ ನಿಮ್ಮ ಕಾರಿನ ಚಕ್ರ. ಕಟ್ಟೆಗೆ ತಾಗಿದ್ದು ನಿಧಾನದಲ್ಲಾದರೂ ಪೆಟ್ಟು ಬೀಳುವುದು ಟೈರಿನ ಪಕ್ಕೆಗೆ. ಬೆಳಕಿನಲ್ಲಿ ಆ ಟೈರಿನ ಒಳಪಕ್ಕೆ ಹೊರಪಕ್ಕೆ ಎರಡನ್ನೂ ಕೈಯಾಡಿಸಿ ನೋಡಿ. ನಿಂಬೆಹಣ್ಣಿನಷ್ಟು ಸಣ್ಣ ಉಬ್ಬು ಕಂಡರೂ ಒಳಗಿನ ದಾರಗಳು ಕಡಿದಿವೆ ಎಂದರ್ಥ, ಅದನ್ನು ರಿಪೇರಿ ಮಾಡಲಾಗದು, ಟೈರನ್ನೇ ಬದಲಿಸಬೇಕು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತಿದ್ದರೆ ಅಥವಾ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಚಳಿಗಾಲದ ಟೈರು ಹಾಕಿಸಲು ಹೋದ ದಿನವೇ ಅದನ್ನೂ ಸರಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆದು ಬೇಗನೆ ಹಳತಾಗುತ್ತದೆ.